ಹೊಳೆಬಾಗಿಲು: 128 ಕಿಲೋಮೀಟರಿನ ನದಿಗೆ ಎರಡೂವರೆ ಕಿಲೋಮೀಟರಿನ ಸೇತುವೆ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಆವಿನಹಳ್ಳಿಯ ಮೇಲೆ ಹೊರಟ ರಸ್ತೆ ಅಂಬಾರಗೋಡ್ಲಿಗೆ ಬಂದು ಸೀದಾ ಶರಾವತಿಯ ನೀರಿಗೆ ಇಳಿಯುತ್ತಿತ್ತು. ಆಚೆ ದಡದ ಕಳಸವಳ್ಳಿಯಲ್ಲಿ ಮತ್ತೆ ಮೇಲೆದ್ದು ತುಮರಿಗೆ, ಸಿಗಂದೂರಿಗೆ ಹೋಗುತ್ತಿತ್ತು. ನಡುವೆ ಕಡಿದುಹೋದ ತುಂಡಿಗೆ ಜನರನ್ನೂ ವಾಹನಗಳನ್ನೂ ಹೊತ್ತು ದಾಟಿಸುವ ಲಾಂಚೇ ರಸ್ತೆ. ಲಾಂಚ್ ಬಂದು ನಿಲ್ಲುವ ಈಚೆ ದಡಕ್ಕೆ ಜನರ ಬಾಯಲ್ಲಿದ್ದ ಹೆಸರು ಹೊಳೆಬಾಗಿಲು. ಬಾಗಿಲು ಎಂದ ಮೇಲೆ ತೆರೆಯುವ ಹೊತ್ತು ಇರುತ್ತದೆ, ಮುಚ್ಚುವ ಹೊತ್ತೂ ಇರುತ್ತದೆ. ಸಂಜೆಯ ಕೊನೆಯ ಲಾಂಚ್ ಹೊರಟಿತೆಂದರೆ ಆ ದಿನದ ಮಟ್ಟಿಗೆ ಕರೂರು, ಬಾರಂಗಿ ಹೋಬಳಿಗಳಿಗೆ ಸಾಗರ ತಾಲ್ಲೂಕು ಕೇಂದ್ರದ ಬಾಗಿಲು ಹಾಕಿದಂತೆಯೇ.

2025ರ ಜುಲೈ 14ರಂದು ಆ ಬಾಗಿಲಿನ ಅಗುಳಿ ಕಿತ್ತರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರ್ ಉದ್ದದ, 16 ಮೀಟರ್ ಅಗಲದ ಸೇತುವೆ ಸಂಚಾರಕ್ಕೆ ತೆರೆಯಿತು. ಖರ್ಚು ಸುಮಾರು 473 ಕೋಟಿ ರೂಪಾಯಿ. ಅದರ ಮೇಲೆ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 369ಇ.

ಸೇತುವೆಯ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದ ಆ ವಾರದಲ್ಲಿ ನನ್ನ ತಲೆಯೊಳಗೆ ಒಂದು ಲೆಕ್ಕ ಸಿಕ್ಕಿಕೊಂಡಿತು. ಶರಾವತಿ ಹುಟ್ಟಿದಲ್ಲಿಂದ ಕಡಲಿಗೆ ಹರಿಯುವುದು ಒಟ್ಟು 128 ಕಿಲೋಮೀಟರ್. ಕಾವೇರಿ ಹರಿಯುವುದು ಸುಮಾರು 800 ಕಿಲೋಮೀಟರ್. ಆ ಕಾವೇರಿಯನ್ನು ಶ್ರೀರಂಗಪಟ್ಟಣದಲ್ಲಿ ದಾಟುವುದಕ್ಕೆ ಕೆಲವು ನೂರು ಮೀಟರಿನ ಸೇತುವೆ ಸಾಕಾಗುತ್ತದೆ. ಕಾವೇರಿಯ ಆರನೇ ಒಂದು ಪಾಲಿನಷ್ಟೂ ಉದ್ದವಿಲ್ಲದ ಮಲೆನಾಡಿನ ಹೊಳೆಗೆ ಎರಡೂವರೆ ಕಿಲೋಮೀಟರ್ ಏಕೆ ಬೇಕಾಯಿತು? ಈ ಪ್ರಕರಣ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ಎಲ್ಲಿ ನಿಂತು ಅಳೆಯುತ್ತೀರಿ?

ನದಿಯ ಉದ್ದವನ್ನು ಒಂದು ಸಂಖ್ಯೆಯಲ್ಲಿ ಹೇಳಿ ಮುಗಿಸಬಹುದು. ಅಗಲ ಹಾಗಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ರಾಮ ಬಾಣ ಹೂಡಿ ನೀರು ಚಿಮ್ಮಿಸಿದನೆಂದು ಹೇಳುವ ಕಡೆ, ಶರಾವತಿ ಒಂದು ಕೊಳ. ಮಳೆಗಾಲದಲ್ಲಿ ಜೋಗದ ನೆತ್ತಿಯಲ್ಲಿ ಬಂಡೆಯಿಂದ ಬಂಡೆಗೆ ಹರಡಿಕೊಂಡ ನೀರು 253 ಮೀಟರ್ ಕೆಳಕ್ಕೆ ನಾಲ್ಕು ಸೀಳಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಅದೇ ನೆತ್ತಿಯಲ್ಲಿ ಎರಡು ಎಳೆ ನೀರು ಉಳಿದರೆ ನೋಡಲು ಬಂದವರು ಪುಣ್ಯ ಮಾಡಿದ್ದರು ಎನ್ನಬೇಕು. ಜೋಗದ ಹತ್ತಿರದ ಸೀತಾಕಟ್ಟೆ ಸೇತುವೆಯ ಮೇಲೆ ಹೋಗುವ ಎಷ್ಟೋ ಜನರಿಗೆ ತಾವು ಶರಾವತಿಯನ್ನು ದಾಟಿದೆವೆಂಬುದೂ ಗೊತ್ತಾಗುವುದಿಲ್ಲ.

ಗೇರುಸೊಪ್ಪೆಯಿಂದ ಕೆಳಗೆ ಹೊಳೆಯ ಸ್ವಭಾವವೇ ಬೇರೆ. ಘಟ್ಟ ಇಳಿದಾಗಿದೆ, ಬೀಳುವುದಕ್ಕೆ ಇನ್ನು ಎತ್ತರ ಉಳಿದಿಲ್ಲ. ನೀರು ಮಲಗುತ್ತದೆ, ಅಗಲಕ್ಕೆ ಚಾಚುತ್ತದೆ, ಉಬ್ಬರದ ಹೊತ್ತಿನಲ್ಲಿ ಕಡಲಿನ ಉಪ್ಪುನೀರು ಎದುರಿನಿಂದ ಒಳನುಗ್ಗುತ್ತದೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಗೇರುಸೊಪ್ಪೆಯ ಸರಕು ದೋಣಿಯೇರಿ ಕಡಲಿಗೆ ಇಳಿಯುತ್ತಿದ್ದದ್ದು ಈ ಸಪಾಟು ನೀರಿನ ಮೇಲೆಯೇ. ಹೊನ್ನಾವರದಲ್ಲಿ ಕೊಂಕಣ ರೈಲ್ವೆ ಶರಾವತಿಗೆ ಹಾಕಿದ ಸೇತುವೆ 2,060 ಮೀಟರಿಗಿಂತ ಉದ್ದವಿದೆ. ಆ ಇಡೀ ಮಾರ್ಗದಲ್ಲಿ ಅದಕ್ಕಿಂತ ಉದ್ದದ ಸೇತುವೆ ಇಲ್ಲ. ಅಳಿವೆಯ ಆ ಅಗಲ ಪ್ರಕೃತಿ ಕೊಟ್ಟದ್ದು. ಯಾವ ನದಿಯಾದರೂ ಕಡಲಿಗೆ ಸೇರುವಾಗ ಅಷ್ಟಿಷ್ಟು ಹರಡಿಕೊಳ್ಳುತ್ತದೆ. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಅಂಬಾರಗೋಡ್ಲಿನ ಅಗಲದ ಜಾತಕವೇ ಬೇರೆ. ಅದು ಜೋಗಕ್ಕಿಂತ ಮೇಲೆ, ಘಟ್ಟದ ತಲೆಯ ಮೇಲಿದೆ. ಅಲ್ಲಿ ಹೊಳೆ ಇಷ್ಟು ಅಗಲವಾಗಿರುವುದಕ್ಕೆ ಭೂಗೋಳದಲ್ಲಿ ಯಾವ ಕಾರಣವೂ ಇಲ್ಲ. ಕಾರಣ 1964ರಲ್ಲಿದೆ.

ಎರಡು ಅಣೆಕಟ್ಟು, ಒಂದರ ಹೊಟ್ಟೆಯಲ್ಲಿ ಇನ್ನೊಂದು

ಶರಾವತಿಯನ್ನು ಮೊದಲು ತಡೆದದ್ದು ಲಿಂಗನಮಕ್ಕಿಯಲ್ಲಿ ಅಲ್ಲ. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಅದಕ್ಕಿಂತ ಮೊದಲೇ ಎದ್ದಿತ್ತು. ಜೋಗದ ಕೆಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ 1940ರ ದಶಕದ ಕೊನೆಯಲ್ಲಿ ನೀರು ಹೋದದ್ದು ಅಲ್ಲಿಂದ. ಹೆಚ್ಚುವರಿ ನೀರನ್ನು ಗೇಟಿನ ಹಂಗಿಲ್ಲದೆ ತಾನಾಗಿ ಎಳೆದು ಹೊರಹಾಕುವ, ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸುರುಳಿ ಸೈಫನ್‌ಗಳು ಅದರ ವಿಶೇಷ. ನೀರು ಒಂದು ಮಟ್ಟಕ್ಕೆ ಏರಿತೆಂದರೆ ದೊಡ್ಡ ಆಲಿಕೆಯಂಥ ಬಾಯಿಯೊಳಗೆ ಸುತ್ತುತ್ತ ಇಳಿಯುತ್ತದೆ. ಹಾಗೆ ಇಳಿಯುವಾಗ ಒಳಗಿನ ಗಾಳಿಯನ್ನು ಹೊರಗೆಳೆದು ಸೈಫನ್ನನ್ನು ತಾನೇ ಚಾಲೂ ಮಾಡಿಕೊಳ್ಳುತ್ತದೆ. ಕಾವಲುಗಾರನೂ ಬೇಡ, ಹಲ್ಲಿನ ಗಾಲಿಯೂ ಬೇಡ. ಇಷ್ಟು ಬುದ್ಧಿ ಖರ್ಚು ಮಾಡಿ ಕಟ್ಟಿದ ಅಣೆಕಟ್ಟು ಎರಡು ದಶಕವೂ ಪೂರ್ತಿ ದುಡಿಯಲಿಲ್ಲ. ಕೆಳಗೆ ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಸಿದ್ಧವಾಯಿತು, ಅದರ ನೀರು ಹಿಂದಕ್ಕೆ ಏರಿ ಹಿರೇಭಾಸ್ಕರವನ್ನೇ ನುಂಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಆ ಹಳೆಯ ಅಣೆಕಟ್ಟು ಇಂದಿಗೂ ಮೇಲೆದ್ದು ಬರುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ.

ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಅಂದರೆ 554 ಮೀಟರ್. ಶಿವಮೊಗ್ಗ ಜಿಲ್ಲೆಯವರಿಗೆ ಈ ಸಂಖ್ಯೆಯನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈ ಬಂತೆಂದರೆ ಪತ್ರಿಕೆಯ ಮೂಲೆಯಲ್ಲಿ ಇಂದಿನ ಮಟ್ಟ, ಗರಿಷ್ಠ ಮಟ್ಟ ಎಂದು ದಿನವೂ ಅಚ್ಚಾಗುತ್ತದೆ. ತುಂಬಿದಾಗ ಹಿಡಿಯುವ ನೀರು 151 ಟಿಎಂಸಿ ಅಡಿಗಿಂತ ಹೆಚ್ಚು. ಈ ಟಿಎಂಸಿಯನ್ನು ಸ್ವಲ್ಪ ಮನೆಯ ಲೆಕ್ಕಕ್ಕೆ ಇಳಿಸೋಣ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. 151 ಟಿಎಂಸಿ ಎಂದರೆ ಸುಮಾರು 430 ಕೋಟಿ ಘನ ಮೀಟರ್. ಇಷ್ಟು ನೀರು ಹರಡಿಕೊಳ್ಳುವ ಜಾಗ 300 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸರಾಸರಿ ಆಳ ಹದಿಮೂರು ಹದಿನಾಲ್ಕು ಮೀಟರ್ ಮಾತ್ರ.

ಗುಟ್ಟು ಇರುವುದು ಈ ಸರಾಸರಿಯಲ್ಲಿ. ಆಳವಾದ, ಕಡಿದಾದ ಕಣಿವೆಯನ್ನು ತಡೆದರೆ ನೀರು ಎತ್ತರಕ್ಕೆ ಏರುತ್ತದೆ, ಅಗಲಕ್ಕೆ ಹೆಚ್ಚು ಹರಡುವುದಿಲ್ಲ. ಶರಾವತಿಯ ಮೇಲುಕಣಿವೆ ಅಂಥದ್ದಲ್ಲ. ಅದು ಸಣ್ಣ ಸಣ್ಣ ಗುಡ್ಡಗಳ ನಡುವೆ ಗದ್ದೆ ಬಯಲು, ಅಡಿಕೆ ತೋಟ ಹಾಸಿಕೊಂಡ ಸೀಮೆ. ತಟ್ಟೆಯಂಥ ಜಾಗಕ್ಕೆ ನೀರು ಸುರಿದರೆ ಏನಾಗುತ್ತದೆಯೋ ಅದೇ ಆಯಿತು. ನೀರು ಬಯಲನ್ನೆಲ್ಲ ಹಿಡಿದು ಹಳ್ಳಗಳ ಬಾಯಿಯೊಳಗೆ ನುಗ್ಗಿತು, ಗುಡ್ಡಗಳನ್ನು ಸುತ್ತುವರಿಯಿತು. ಅಣೆಕಟ್ಟಿಗೆ ನೀರು ಕೊಡುವ ಜಲಾನಯನ ಪ್ರದೇಶ ಸುಮಾರು 1,990 ಚದರ ಕಿಲೋಮೀಟರ್. ಕೆರೆ ತುಂಬಿದಾಗ ಅದರಲ್ಲಿ ಹೆಚ್ಚೂಕಡಿಮೆ ಆರರಲ್ಲೊಂದು ಪಾಲು ನೀರೇ. ಮಳೆ ನೆಲಕ್ಕೆ ಬಿದ್ದು, ಹಳ್ಳವಾಗಿ, ಹೊಳೆ ಸೇರಿ ಅಣೆಕಟ್ಟಿಗೆ ಬರಬೇಕೆಂಬ ಕ್ರಮವೂ ಇಲ್ಲಿ ಪೂರ್ತಿ ಉಳಿದಿಲ್ಲ; ಆರನೇ ಹನಿ ನೇರವಾಗಿ ಅಣೆಕಟ್ಟಿನ ನೀರಿಗೇ ಬೀಳುತ್ತದೆ.

ಮುಳುಗಡೆ ಎಂಬ ಪದ ಮಲೆನಾಡಿನಲ್ಲಿ ಒಂದು ಕಾಲಮಾನದ ಹೆಸರೂ ಹೌದು. ಮುಳುಗಡೆಗೆ ಮೊದಲು, ಮುಳುಗಡೆ ಆದ ಮೇಲೆ ಎಂದು ಜನ ವರ್ಷ ಎಣಿಸುತ್ತಾರೆ. ಕಣಿವೆಯ ತಳದಲ್ಲಿದ್ದವರು ಊರು ಬಿಟ್ಟರು. ಅವರಿಗೆ ತೋರಿಸಿದ ಭೂಮಿಯ ಹಕ್ಕಿನ ಕಡತ ಇನ್ನೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದೆ; ಅದು ಬೇರೆಯೇ ಪ್ರಕರಣ, ಇದಕ್ಕಿಂತ ಉದ್ದದ್ದು, ಇದಕ್ಕಿಂತ ಕಹಿಯಾದದ್ದು. ನಮ್ಮ ಪ್ರಕರಣಕ್ಕೆ ಸಂಬಂಧಪಟ್ಟವರು ಮುಳುಗದೆ ಉಳಿದವರು. ಅವರ ಗುಡ್ಡಕ್ಕೆ ನೀರು ಏರಲಿಲ್ಲ, ಮನೆ ಉಳಿಯಿತು, ತೋಟದ ಒಂದಿಷ್ಟು ಉಳಿಯಿತು. ದಾರಿ ಮಾತ್ರ ಉಳಿಯಲಿಲ್ಲ. ಮೂರು ಕಡೆ ಹಿನ್ನೀರು, ಬೆನ್ನಿಗೆ ಪಶ್ಚಿಮ ಘಟ್ಟದ ಕಾಡು. ನಕ್ಷೆಯಲ್ಲಿ ಅದನ್ನು ದ್ವೀಪವೆಂದು ಕರೆಯಲು ಬರುವುದಿಲ್ಲ, ಏಕೆಂದರೆ ನಿಟ್ಟೂರು, ನಗರ, ಹೊಸನಗರದ ಮೇಲೆ ಸುತ್ತಿ ಬಂದರೆ ನೆಲದ ಮೇಲೆಯೇ ಸಾಗರ ಸೇರಬಹುದು. ಆ ಸುತ್ತು ಎಂಬತ್ತು ಕಿಲೋಮೀಟರಿನ ಆಸುಪಾಸು. ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿ ತರಲು ಅಷ್ಟು ಸುತ್ತಬೇಕಾದವನಿಗೆ ನಕ್ಷೆಯ ವ್ಯಾಖ್ಯಾನ ಕಟ್ಟಿಕೊಂಡು ಏನಾಗಬೇಕು? ಅವರು ತಮ್ಮ ಊರನ್ನು ದ್ವೀಪ ಎಂದೇ ಕರೆದರು.

ಲಾಂಚಿನ ಹಲಗೆಯ ಮೇಲೆ

ನಾನು ಆ ದಾರಿಯಲ್ಲಿ ಮೊದಲು ಹೋದದ್ದು ಮಳೆ ಬಿಟ್ಟ ಹೊಸತರಲ್ಲಿ, ಹಿನ್ನೀರು ದಂಡೆಯ ಹುಲ್ಲಿಗೆ ತಾಗಿಕೊಂಡಿದ್ದಾಗ. ಇಳಿಜಾರಿನಲ್ಲಿ ವಾಹನಗಳ ಸಾಲು. ಎದುರು ದಡದಿಂದ ಚಪ್ಪಟೆಯಾದ ಕಬ್ಬಿಣದ ತೆಪ್ಪದಂಥ ಲಾಂಚ್ ಮೆಲ್ಲಗೆ ಬರುತ್ತಿತ್ತು. ದಡ ಮುಟ್ಟುವ ಹೊತ್ತಿಗೆ ಮುಂಬಾಗಿಲಿನ ಕಬ್ಬಿಣದ ಹಲಗೆಯನ್ನು ಸರಪಳಿ ಸಡಿಲಿಸಿ ಕೆಳಗೆ ಬಿಟ್ಟರು. ಅದು ಜಂಬಿಟ್ಟಿಗೆ ಮಣ್ಣಿಗೆ ಒರಸಿ ಮಾಡಿದ ಸದ್ದಿಗೆ ಸಾಲಿನಲ್ಲಿದ್ದ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಎಚ್ಚರವಾದವು.

ಮುಂದಿನ ಹತ್ತು ನಿಮಿಷ ನೋಡಲೇಬೇಕಾದ ಕೆಲಸ. ಮೊದಲು ಬಸ್ಸು, ಅದೂ ನಡುಮಧ್ಯಕ್ಕೆ. ಭಾರ ಒಂದು ಬದಿಗೆ ಹೋಗಬಾರದು. ಆಮೇಲೆ ಕಾರುಗಳು, ಬಸ್ಸಿನ ಎರಡೂ ಮಗ್ಗುಲಿಗೆ, ಬಾಗಿಲು ತೆರೆದರೆ ಒಬ್ಬ ತೆಳ್ಳಗಿನ ಮನುಷ್ಯ ಇಳಿಯಬಹುದಾದಷ್ಟು ಸಂದು ಬಿಟ್ಟು. ಉಳಿದ ಸಂದುಗೊಂದಿಗೆ ಬೈಕು, ಸ್ಕೂಟರ್. ಕಡೆಗೆ ಜನ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಶಾಲೆಯ ಚೀಲ. ಸಿಬ್ಬಂದಿ ಬಾಯಿ ತೆರೆಯುವುದೇ ಕಡಿಮೆ. ಅಂಗೈ ಮೇಲೆತ್ತಿದರೆ ನಿಲ್ಲಿಸಬೇಕು, ಬೆರಳು ಮಡಿಸಿದರೆ ಬರಬೇಕು, ಬಸ್ಸಿನ ಮೈಗೆ ಎರಡು ಸಲ ತಟ್ಟಿದರೆ ಸಾಕು ಎಂದರ್ಥ. ಬೆಂಗಳೂರಿನ ನೋಂದಣಿಯ ಕಾರಿನವರೊಬ್ಬರು ಮೂರು ಸಲ ಹಿಂದೆ ಮುಂದೆ ಮಾಡಿದಾಗ ಆ ಸಿಬ್ಬಂದಿಯ ಮುಖದಲ್ಲಿ ಕಂಡ ತಾಳ್ಮೆ ಸರ್ಕಾರಿ ಕೆಲಸದಲ್ಲಿ ನಾನು ಕಂಡ ಅಪರೂಪದ ವಸ್ತುಗಳಲ್ಲಿ ಒಂದು.

ದಾಟಿ ಮುಗಿಯಲು ಹಿಡಿದದ್ದು ಕಾಲು ಗಂಟೆ. ಹಾಗಾದರೆ ಸೇತುವೆಯಿಂದ ಉಳಿತಾಯವಾದದ್ದು ಎಷ್ಟು? 2.44 ಕಿಲೋಮೀಟರನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ನಾಲ್ಕು ನಿಮಿಷವೂ ಬೇಡ. ಉಳಿದದ್ದು ಹನ್ನೊಂದು ನಿಮಿಷ. ಹನ್ನೊಂದು ನಿಮಿಷಕ್ಕೆ 473 ಕೋಟಿಯೇ ಎಂದು ಕೇಳುವವರಿದ್ದಾರೆ. ಆದರೆ ಅವರು ದಾಟುವ ಹೊತ್ತನ್ನು ಮಾತ್ರ ಎಣಿಸಿದ್ದಾರೆ, ಕಾಯುವ ಹೊತ್ತನ್ನಲ್ಲ. ಹತ್ತಿಸಲು ಹತ್ತು ನಿಮಿಷ, ದಾಟಲು ಹದಿನೈದು, ಆಚೆ ಇಳಿಸಿ ಹತ್ತಿಸಲು ಹತ್ತು, ಮರಳಲು ಹದಿನೈದು. ಒಂದೇ ಲಾಂಚ್ ಓಡುತ್ತಿದ್ದರೆ ಒಂದು ಸುತ್ತಿಗೆ ಐವತ್ತು ನಿಮಿಷ. ನೀವು ದಡ ತಲಪುವ ಅರ್ಧ ನಿಮಿಷ ಮೊದಲು ಹಲಗೆ ಮೇಲೆದ್ದಿದ್ದರೆ ಆ ಅರ್ಧ ನಿಮಿಷದ ಬೆಲೆ ಐವತ್ತು ನಿಮಿಷ. ಇನ್ನೊಂದು ಲಾಂಚ್ ಜೊತೆಗಿದ್ದರೆ ಅದರ ಅರ್ಧ. ಶನಿವಾರ, ಭಾನುವಾರ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬಂದವರ ಸಾಲು ರಸ್ತೆಯುದ್ದಕ್ಕೂ ಹಬ್ಬಿದಾಗ ಈ ಲೆಕ್ಕವೆಲ್ಲ ಕೈಬಿಟ್ಟು ಹೋಗುತ್ತಿತ್ತು. ತುಮರಿಯಲ್ಲಿ ಮನೆಯಿರುವವನು ತನ್ನ ಮನೆಗೆ ಹೋಗಲು ಪ್ರವಾಸಿಗರ ಹಿಂದೆ ಸಾಲು ನಿಲ್ಲಬೇಕಾಗುತ್ತಿತ್ತು. ಲಾಂಚಿನ ಬಗ್ಗೆ ಸ್ಥಳೀಯರಿಗಿದ್ದ ಸಿಟ್ಟಿನ ದೊಡ್ಡ ಪಾಲು ನೀರಿನ ಮೇಲಿನದಲ್ಲ, ಈ ಸಾಲಿನ ಮೇಲಿನದು.

ಇನ್ನು ರಾತ್ರಿ. ಹೆರಿಗೆ ನೋವಿಗೆ ಹಾವಿನ ಕಡಿತಕ್ಕೆ ಲಾಂಚಿನ ವೇಳಾಪಟ್ಟಿ ಗೊತ್ತಿರುವುದಿಲ್ಲ. ಹೊಳೆಬಾಗಿಲು ಮುಚ್ಚಿದ ಮೇಲೆ ಕಾಯಿಲೆಯವರನ್ನು ಸಾಗರಕ್ಕೆ ತರಬೇಕಾದರೆ ಒಂದೋ ಸಿಬ್ಬಂದಿಯನ್ನು ಎಬ್ಬಿಸಿ ಲಾಂಚ್ ಹೊರಡಿಸಬೇಕು, ಇಲ್ಲವೇ ಕಾಡಿನ ಸುತ್ತುದಾರಿ ಹಿಡಿಯಬೇಕು. ಆ ಸೀಮೆಯಲ್ಲಿ ಇಂಥ ಒಂದು ರಾತ್ರಿಯ ಕಥೆ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ.

ನೀರು ಇಳಿದಾಗ ನದಿ ಎಲ್ಲಿರುತ್ತದೆ?

ಎರಡನೇ ಸಲ ಹೋದದ್ದು ಮೇ ತಿಂಗಳ ಕೊನೆಗೆ. ಅದೇ ಜಾಗವೆಂದು ನಂಬುವುದು ಕಷ್ಟವಾಯಿತು. ನಾನು ಮೊದಲು ಲಾಂಚ್ ಹತ್ತಿದ್ದ ಅಂಚು ಎಲ್ಲೋ ಮೇಲೆ ಉಳಿದಿತ್ತು. ಕೆಂಪು ಮಣ್ಣಿನಲ್ಲಿ ತಾತ್ಕಾಲಿಕವಾಗಿ ಕಡಿದ ಇಳಿಜಾರು ಕೆಳಗೆ ಕೆಳಗೆ ಹೋಗಿ ನೀರು ಮುಟ್ಟಿತ್ತು. ಅರವತ್ತು ವರ್ಷ ನೀರಿನಲ್ಲಿ ನಿಂತು ಕಪ್ಪಾದ ಮರದ ಬೊಡ್ಡೆಗಳು ಕೊಳೆಯದೆ ಹಾಗೇ ಎದ್ದು ನಿಂತಿದ್ದವು. ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಜನರನ್ನು ಮಾತ್ರ ಕರೆದುಕೊಂಡು ಹೋಗುತ್ತಿದ್ದರು.

ಲಿಂಗನಮಕ್ಕಿಯ ಮಟ್ಟ ಮುಂಗಾರು ತಡವಾದ ವರ್ಷಗಳಲ್ಲಿ 1,750 ಅಡಿಗಿಂತ ಕೆಳಕ್ಕೆ ಹೋದದ್ದಿದೆ. 1,819ರಿಂದ 1,750ಕ್ಕೆ ಎಂದರೆ 69 ಅಡಿ, ಅಂದರೆ 21 ಮೀಟರ್. ನೇರ ಗೋಡೆಯಾಗಿದ್ದರೆ ನೀರು ಏಳಂತಸ್ತು ಇಳಿದಂತೆ. ದಡ ಗೋಡೆಯಲ್ಲ, ಇಳಿಜಾರು. ಇಪ್ಪತ್ತಕ್ಕೆ ಒಂದರ ಇಳಿಜಾರೆಂದು ಇಟ್ಟುಕೊಂಡರೆ 21 ಮೀಟರ್ ಇಳಿದ ನೀರು 420 ಮೀಟರ್ ದೂರ ಸರಿದಿರುತ್ತದೆ, ಅದೂ ಒಂದೇ ದಡದಲ್ಲಿ. ದಡ ಅರ್ಧ ಕಿಲೋಮೀಟರ್ ಓಡಾಡುವ ಕಡೆ ಕಾಯಂ ಜಟ್ಟಿ ಕಟ್ಟುವುದು ಹೇಗೆ? ಪ್ರತಿ ವರ್ಷ ಇಳಿಜಾರು ಕಡಿಯಬೇಕು. ಲಾಂಚಿನ ತಳಕ್ಕೆ ಬೊಡ್ಡೆ ತಾಗದ ಹಾಗೆ ದಾರಿ ನೋಡಿಕೊಳ್ಳಬೇಕು. ಭಾರ ಹೊತ್ತಷ್ಟೂ ಲಾಂಚ್ ಆಳಕ್ಕೆ ಕೂರುವುದರಿಂದ ಮೊದಲು ಬಸ್ಸು, ಆಮೇಲೆ ಕಾರು ಹತ್ತಿಸುವುದನ್ನೇ ಬಿಡಬೇಕು. ಸೇತುವೆ ಬೇಡ, ಇನ್ನೆರಡು ಲಾಂಚ್ ಕೊಡಿ ಎಂಬ ಮಾತು ಆಗಾಗ ಕೇಳಿಬರುತ್ತಿತ್ತು. ಬೇಸಿಗೆಯ ಈ ಸಮಸ್ಯೆಗೆ ಇಪ್ಪತ್ತು ಲಾಂಚ್ ಕೊಟ್ಟರೂ ಉತ್ತರವಿರಲಿಲ್ಲ.

ವಿಚಿತ್ರವೆಂದರೆ ಈ ಇಳಿತಕ್ಕೆ ಬರಗಾಲವೊಂದೇ ಕಾರಣವಲ್ಲ. ನೀರು ಇಳಿಯಬೇಕೆಂದೇ ಅಣೆಕಟ್ಟು ಕಟ್ಟಿರುವುದು. ಲಿಂಗನಮಕ್ಕಿಯಿಂದ ಹೊರಟ ನೀರು ತಲಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಘಟ್ಟ ಇಳಿದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ, ಅಲ್ಲಿ ತಿರುಗಣಿ ತಿರುಗಿಸಿ ಮುಂದೆ ಗೇರುಸೊಪ್ಪೆಯ ಕಟ್ಟೆಗೆ, ಅಲ್ಲಿ ಇನ್ನೊಂದು 240 ಮೆಗಾವಾಟಿನ ಕೇಂದ್ರಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ರಾಜ್ಯದಲ್ಲಿ ಫ್ಯಾನು ತಿರುಗಿದಷ್ಟೂ ಕಳಸವಳ್ಳಿಯ ದಡ ಹಿಂದೆ ಸರಿಯುತ್ತದೆ. ನದಿಯ ಅಗಲ ಮಳೆಗಾಲದಲ್ಲಿ ಮೋಡದ ಕೈಯಲ್ಲಿರುತ್ತದೆ, ಬೇಸಿಗೆಯಲ್ಲಿ ವಿದ್ಯುತ್ ಬೇಡಿಕೆಯ ಕೈಯಲ್ಲಿ.

ಅಡ್ಡೆ ಹೊತ್ತ ಕಂಬಗಳು

ಸೇತುವೆಗಾಗಿ ದಶಕಗಳ ಕಾಲ ಮನವಿ, ಪಾದಯಾತ್ರೆ, ಧರಣಿ ನಡೆದವು. ಶಂಕುಸ್ಥಾಪನೆಯಾದದ್ದು 2018ರ ಫೆಬ್ರುವರಿಯಲ್ಲಿ. ಕೆಲಸ ಹಿಡಿದದ್ದು 2019ರ ಕೊನೆಗೆ. ಬೆನ್ನಿಗೇ ಕೊರೊನಾ ಬಂತು.

ಕಟ್ಟುವವರ ಎದುರಿಗಿದ್ದ ತೊಡಕನ್ನು ಮೇಲಿನ ಲೆಕ್ಕದಿಂದಲೇ ಊಹಿಸಬಹುದು. ಸೇತುವೆಯನ್ನು ಬೇಸಿಗೆಯ ಹೊಳೆಗೆ ತಕ್ಕಂತೆ ಕಟ್ಟಿದರೆ ಮಳೆಗಾಲದಲ್ಲಿ ಅದರ ಎರಡು ತುದಿಗಳೂ ನೀರಿನಲ್ಲಿರುತ್ತವೆ. ಉದ್ದವನ್ನು ನಿರ್ಧರಿಸುವುದು 1,819 ಅಡಿಯ ಗೆರೆ. ಅಂದರೆ ಈ 2.44 ಕಿಲೋಮೀಟರ್ ಶರಾವತಿ ನದಿಯ ಅಗಲದ ಅಳತೆಯಲ್ಲ, ಲಿಂಗನಮಕ್ಕಿ ಅಣೆಕಟ್ಟಿನ ಎತ್ತರದ ಅಳತೆ. ಎತ್ತರವನ್ನು ಅಡ್ಡಕ್ಕೆ ಮಲಗಿಸಿ ಅಳೆದದ್ದು, ಅಷ್ಟೇ.

ಇನ್ನೊಂದು ತೊಡಕು ಕಂಬಗಳದ್ದು. ದಡದ ಕಡೆಯ ಭಾಗ ಬೇಸಿಗೆಯಲ್ಲಿ ಒಣಗಿ ಕೈಗೆ ಸಿಗುತ್ತದೆ, ಅಲ್ಲಿ ಹತ್ತಿರ ಹತ್ತಿರ ಕಂಬ ನಿಲ್ಲಿಸಿ ಮಾಮೂಲಿ ತೊಲೆ ಹಾಕಬಹುದು. ಹಳೆಯ ಹೊಳೆಯ ಪಾತ್ರವಿದ್ದ ನಡುಭಾಗ ಆಳ. ಅಲ್ಲಿ ಪ್ರತಿ ಕಂಬವೂ ದುಬಾರಿ. ಕಂಬ ಕಡಿಮೆ ಮಾಡಬೇಕಾದರೆ ಅಂಕಣದ ಉದ್ದ ಹೆಚ್ಚಬೇಕು, ಉದ್ದದ ಅಂಕಣ ತನ್ನ ಭಾರಕ್ಕೆ ತಾನೇ ಬಾಗದಿರಬೇಕಾದರೆ ಮೇಲಿನಿಂದ ಹಿಡಿದುಕೊಳ್ಳಬೇಕು. ಹೀಗೆ ಸುಮಾರು 740 ಮೀಟರ್ ಭಾಗಕ್ಕೆ ಕೇಬಲ್ ಬಂತು. ಪತ್ರಿಕೆಗಳು ಇದನ್ನು ದೇಶದ ಎರಡನೇ ಅತಿ ಉದ್ದದ ಕೇಬಲ್ ಸೇತುವೆ ಎಂದು ಬರೆದವು. ಬಿರುದು ಕೊಡುವುದರಲ್ಲಿ ನಮಗೆ ಧಾರಾಳತನ ಹೆಚ್ಚು. ಒಟ್ಟು ಉದ್ದವನ್ನು ಎಣಿಸುತ್ತೀರೋ, ಕೇಬಲ್ ಹಿಡಿದ ಭಾಗವನ್ನು ಎಣಿಸುತ್ತೀರೋ, ಒಂದೊಂದು ಅಂಕಣವನ್ನು ಎಣಿಸುತ್ತೀರೋ ಎಂಬುದರ ಮೇಲೆ ಸ್ಥಾನ ಬದಲಾಗುತ್ತದೆ.

ಎಂಜಿನಿಯರ್‌ಗಳು ಇದನ್ನು ಬರೀ ಕೇಬಲ್ ಸೇತುವೆ ಎನ್ನುವುದಿಲ್ಲ, ಎಕ್ಸ್‌ಟ್ರಾಡೋಸ್ಡ್ ಎನ್ನುತ್ತಾರೆ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಪ್ಪಟ ಕೇಬಲ್ ಸೇತುವೆಯಲ್ಲಿ ಗೋಪುರ ಎತ್ತರ, ಕೇಬಲ್ ಕಡಿದಾಗಿ ಇಳಿದು ಇಡೀ ಹಾಸನ್ನು ಎತ್ತಿ ಹಿಡಿಯುತ್ತದೆ. ಇಲ್ಲಿ ಗೋಪುರಗಳು ಗಿಡ್ಡ. ಕೇಬಲ್ ಮಲಗಿದಂತೆ ಓರೆಯಾಗಿ ಹೋಗಿ ತೊಲೆಯನ್ನು ಎರಡು ಕಡೆಯಿಂದ ಬಿಗಿದು ಹಿಡಿಯುತ್ತದೆ. ಭಾರದ ದೊಡ್ಡ ಪಾಲನ್ನು ತೊಲೆಯೇ ಹೊರುತ್ತದೆ, ಕೇಬಲ್ ಅದಕ್ಕೆ ನಡುಕಟ್ಟು. ಅಡಿಕೆ ಹೊರೆ ಹೊರುವವನು ಸೊಂಟಕ್ಕೆ ಟವೆಲ್ ಬಿಗಿದುಕೊಳ್ಳುತ್ತಾನಲ್ಲ, ಅಂಥದ್ದು.

ಕಟ್ಟಿದ ರೀತಿಯೂ ನೋಡಲು ಚೆನ್ನಾಗಿತ್ತು. ನೀರಿನ ನಡುವೆ ಕೆಳಗಿನಿಂದ ಆಸರೆ ಕೊಟ್ಟು ಕಾಂಕ್ರೀಟ್ ಹಾಕುವಂತಿಲ್ಲ. ಆದ್ದರಿಂದ ಮೊದಲು ಕಂಬ ನಿಲ್ಲಿಸಿ, ಅದರ ನೆತ್ತಿಯಿಂದ ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು ಸೇರಿಸುತ್ತ ಹೋಗುತ್ತಾರೆ. ಎಡದ ಭಾರಕ್ಕೆ ಬಲದ ಭಾರ ಸಮ. ಅಡ್ಡೆ ಹೊತ್ತವನ ಹೆಗಲಿನ ಹಾಗೆ ಒಂದೊಂದು ಕಂಬವೂ ಎರಡು ತೋಳು ಚಾಚಿಕೊಂಡು, ಪಕ್ಕದ ಕಂಬದ ತೋಳಿಗೆ ಇನ್ನೂ ಎಟುಕದೆ, ತಿಂಗಳುಗಟ್ಟಲೆ ನೀರಿನ ಮೇಲೆ ನಿಂತಿರುತ್ತದೆ. ಲಾಂಚಿನಲ್ಲಿ ಹೋಗುತ್ತಿದ್ದವರು ವರ್ಷಗಳ ಕಾಲ ನೋಡಿದ್ದು ಈ ಕೈಚಾಚಿದ ಕಂಬಗಳನ್ನೇ. ಎರಡು ತೋಳುಗಳ ನಡುವಿನ ಕೊನೆಯ ತುಂಡು ಸೇರಿದಾಗ ಮಾತ್ರ ಅದು ಸೇತುವೆ.

ಜುಲೈ 14ರ ಆಮೇಲೆ

ಉದ್ಘಾಟನೆಗೆ ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದರು. ಮುಖ್ಯಮಂತ್ರಿ ಸಿದ್ದರಾಮಯ್ಯ ತಮಗೆ ಸರಿಯಾಗಿ ತಿಳಿಸಿಲ್ಲವೆಂದು ಬರಲಿಲ್ಲ. ಆ ದಿನ ಅವರು ವಿಜಯಪುರ ಜಿಲ್ಲೆಯ ಇಂಡಿಯಲ್ಲಿದ್ದರು. ಒಂದೆರಡು ದಿನ ಪತ್ರಿಕೆಗಳಲ್ಲಿ ಆಮಂತ್ರಣ ಪತ್ರಿಕೆಯ ಜಗಳವೇ ಸೇತುವೆಗಿಂತ ಉದ್ದವಾಗಿ ಕಂಡಿತು. ಸೇತುವೆಗೆ ಸಿಗಂದೂರು ಚೌಡೇಶ್ವರಿಯ ಹೆಸರು ಬಂತು. ನನ್ನನ್ನು ಕೇಳಿದ್ದರೆ ಹೊಳೆಬಾಗಿಲು ಎಂಬ ಹೆಸರೇ ಇರಲಿ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಲಾಂಚ್ ನಿಂತಿತು. ನಿಲ್ಲುವ ಮೊದಲಿನ ದಿನಗಳಲ್ಲಿ ಅದರ ಮೇಲೆ ಕೊನೆಯ ಸಲ ಹೋಗಿಬರಲೆಂದೇ ಜನ ಬಂದರು. ಅರವತ್ತು ವರ್ಷ ಯಾವುದನ್ನು ಬೈದರೋ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಇದರಲ್ಲಿ ನಗುವಂಥದ್ದೇನಿಲ್ಲ. ತುಮರಿಯಲ್ಲಿ ಹುಟ್ಟಿದವರ ಮದುವೆಯ ದಿಬ್ಬಣ, ಕಾಲೇಜಿನ ಮೊದಲ ದಿನ, ಅಜ್ಜನ ಕೊನೆಯ ಆಸ್ಪತ್ರೆ ಪ್ರಯಾಣ ಎಲ್ಲವೂ ಆ ಕಬ್ಬಿಣದ ಹಲಗೆಯ ಮೇಲೆ ಹಾದುಹೋಗಿದ್ದವು. ದಡದಲ್ಲಿ ಕಾಯುವವರಿಗೆ ಚಹಾ, ಮಂಡಕ್ಕಿ ಮಾರುತ್ತಿದ್ದ ಅಂಗಡಿಗಳಿಗೆ ಇನ್ನು ಕಾಯುವವರೇ ಇಲ್ಲ. ಕಾರುಗಳು ಗಾಜು ಏರಿಸಿಕೊಂಡು ತಲೆಯ ಮೇಲಿನಿಂದ ಹೋಗುತ್ತವೆ.

ಆಚೆ ದಡಕ್ಕೆ ಬಂದದ್ದು ಒಳ್ಳೆಯದೊಂದೇ ಅಲ್ಲ. ಲಾಂಚ್ ಒಂದು ಜರಡಿಯೂ ಆಗಿತ್ತು. ದಿನಕ್ಕೆ ಇಷ್ಟೇ ವಾಹನ ಎಂದು ತಾನಾಗಿ ತಡೆಯುತ್ತಿತ್ತು. ಆ ಜರಡಿ ಈಗ ಇಲ್ಲ. ಕಾಡಂಚಿನ ಕಿರಿದಾದ ರಸ್ತೆಗಳಿಗೆ ಹೆದ್ದಾರಿಯ ಹರಿವು ಬಂದಿದೆ, ಸೇತುವೆಯ ನಡುವೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರೂ ಬಂದಿದ್ದಾರೆ. ಹಾಗೆಂದು ಜರಡಿ ಇರಲಿ ಎಂದು ಹೇಳುವ ಹಕ್ಕು ಈಚೆ ದಡದಲ್ಲಿ ಮನೆಯಿರುವ ನನ್ನಂಥವರಿಗಿಲ್ಲ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬರುತ್ತದೆ ಎನ್ನುವುದರ ಮುಂದೆ ನನ್ನ ಪರಿಸರದ ಚಿಂತೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು.

ಇದೇ ಹಿನ್ನೀರಿಗೆ ಇನ್ನೂ ಬಾಗಿಲುಗಳಿವೆ. ಹೊಸನಗರದ ಕಡೆ ಪಟಗುಪ್ಪದಲ್ಲಿ ಸೇತುವೆಯಾಗಿದೆ. ಕಾರ್ಗಲ್ ಬಳಿಯ ಮುಪ್ಪಾನೆ, ಕೊಲ್ಲೂರಿನ ದಾರಿಯ ಹಸಿರುಮಕ್ಕಿ, 2025ರಲ್ಲಿ ಎರಡೂ ಲಾಂಚಿನ ದಾಟುಗಳಾಗಿದ್ದವು. ಹಸಿರುಮಕ್ಕಿಯ ಸೇತುವೆ ಸಿಗಂದೂರಿನ ಸೇತುವೆ ತೆರೆದಾಗ ಇನ್ನೂ ಮುಗಿದಿರಲಿಲ್ಲ.

ಮುಂದಿನ ಸಲ ಅತ್ತ ಹೋಗುವುದಾದರೆ ಮೇ ಕೊನೆಯ ವಾರ ನೋಡಿಕೊಂಡು ಹೋಗಿ. ಅಂಬಾರಗೋಡ್ಲಿನಿಂದ ಸೇತುವೆ ಏರಿದ ಮೇಲೆ ಸ್ವಲ್ಪ ದೂರ ಕೆಳಗೆ ನೀರೇ ಇರುವುದಿಲ್ಲ. ನೀರು ಬಿಟ್ಟುಕೊಟ್ಟ ಬಯಲಿನಲ್ಲಿ ಹಸಿರು ಹುಲ್ಲು ಹುಟ್ಟಿರುತ್ತದೆ, ದನಗಳು ಮೇಯುತ್ತಿರುತ್ತವೆ, ನಡುನಡುವೆ ಕಪ್ಪು ಬೊಡ್ಡೆಗಳು. ಆ ಬಯಲು ಯಾರದೋ ಗದ್ದೆಯಾಗಿದ್ದದ್ದು. ಮುಂದೆ ಹೋದರೆ ನೀರು ಸಿಗುತ್ತದೆ. ಅದು ಮುಗಿದ ಮೇಲೆ ಮತ್ತೆ ಹುಲ್ಲು, ಆಮೇಲೆ ಕಳಸವಳ್ಳಿ.